ಕರೆಂಟು ಹೋದ ಮೇಲೆ: ಲಿನಕ್ಸ್ ಸಾಫ್ಟ್‌ವೇರ್ ರೇಡ್ ಚೇತರಿಕೆಯ ಇತಿಹಾಸ

ರೇಡ್-5 ಕೊಡುವ ಭರವಸೆ ಒಂದೇ ಸಾಲಿನದು: ಒಂದು ಡಿಸ್ಕು ಕೆಟ್ಟರೂ ಮಾಹಿತಿ ಉಳಿಯುತ್ತದೆ. ಆದರೆ ಬರೆಯುವ ಕೆಲಸ ನಡೆಯುತ್ತಿರುವಾಗಲೇ ಕರೆಂಟು ಹೋಗಿ, ಯಂತ್ರ ಮತ್ತೆ ಏಳುವ ಹೊತ್ತಿಗೆ ಒಂದು ಡಿಸ್ಕು ಕಾಣೆಯಾಗಿದ್ದರೆ ಲಿನಕ್ಸ್ ಕರ್ನೆಲ್ ಆ ಡಿಸ್ಕುಗಳ ಸಮೂಹವನ್ನು ತೆರೆಯಲು ಒಪ್ಪುವುದಿಲ್ಲ. ‘ಕೆನಾಟ್ ಸ್ಟಾರ್ಟ್ ಡರ್ಟಿ ಡಿಗ್ರೇಡೆಡ್ ಅರೇ’ ಎಂಬ ಸಾಲು ಲಾಗ್‌ನಲ್ಲಿ ಬಿದ್ದಿರುತ್ತದೆ. ಉಳಿದ ಡಿಸ್ಕುಗಳು ನೆಟ್ಟಗೆ ತಿರುಗುತ್ತಿವೆ, ಹೋಗಿರುವುದು ಒಂದೇ, ಆದರೂ ಬಾಗಿಲು ಮುಚ್ಚಿದೆ. ಸರ್ವರ್ ನೋಡಿಕೊಳ್ಳುವವರಿಗೆ ಇದು ತಂತ್ರಾಂಶದ ಮೊಂಡುತನವಾಗಿ ಕಾಣುವುದು ಸಹಜ. ಹೀಗೆ ನಿಲ್ಲುವುದನ್ನು ಲಿನಕ್ಸ್ ಬೇಕೆಂದೇ ಆರಿಸಿಕೊಂಡಿತು ಎಂಬುದು ಈ ಲೇಖನದ ವಾದ. ಎಂಬತ್ತರ ದಶಕದ ಕೊನೆಯಿಂದ ಮೂರು ದಶಕಗಳ ಕಾಲ ಈ ಕ್ಷೇತ್ರದಲ್ಲಿ ನಡೆದ ಕೆಲಸದ ಬಹುಭಾಗ, ಆ ಸಾಲಿನ ಹಿಂದಿರುವ ಅನುಮಾನವನ್ನು ಕಿರಿದು ಮಾಡುವ ಪ್ರಯತ್ನವಾಗಿತ್ತು.

ಕೆಟ್ಟ ಸಂಗ್ರಹ ಘಟಕದ ಮಾಹಿತಿಯನ್ನು ಉಳಿದವುಗಳಿಂದ ಮರಳಿ ಕಟ್ಟುವ ಉಪಾಯಕ್ಕೆ ಐಬಿಎಂನ ನಾರ್ಮನ್ ಕೆನ್ ಔಚಿ 1978ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಅದು ಎಲ್ಲರ ಬಾಯಲ್ಲೂ ಆಡುವಂತಾದದ್ದು ಬರ್ಕ್‌ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರ ಸಿಗ್ಮಾಡ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದಿಂದ. ಐಬಿಎಂ 3380ರಂಥ ದೊಡ್ಡ ಡಿಸ್ಕಿನ ಬದಲು ಪಿಸಿಗಳಿಗೆಂದು ತಯಾರಾಗುತ್ತಿದ್ದ 100 ಎಂಬಿಯ ಅಗ್ಗದ ಡಿಸ್ಕುಗಳನ್ನು ಸಾಲಾಗಿ ಜೋಡಿಸಿ ಎಂದರು ಅವರು. ಅದಕ್ಕೆ ಬರುವ ಆಕ್ಷೇಪವನ್ನೂ ತಾವೇ ಲೆಕ್ಕ ಹಾಕಿ ತೋರಿಸಿದರು: ಒಂದು ಡಿಸ್ಕು ಸರಾಸರಿ 30,000 ಗಂಟೆ ಬಾಳಿದರೆ ನೂರು ಡಿಸ್ಕುಗಳ ಸಾಲಿನಲ್ಲಿ ಸರಾಸರಿ 300 ಗಂಟೆಗೊಂದು ಕೆಡುತ್ತದೆ, ಎರಡು ವಾರವೂ ಆಗುವುದಿಲ್ಲ. ಕೆಟ್ಟದ್ದನ್ನು ಮರಳಿ ಕಟ್ಟಲು ನೆರವಾಗುವ ಹೆಚ್ಚುವರಿ ಮಾಹಿತಿ, ಅಂದರೆ ಪ್ಯಾರಿಟಿ, ಬೇಕಾದದ್ದು ಅದಕ್ಕಾಗಿ. ಆ ಪ್ರಬಂಧದ ಲೆಕ್ಕವೆಲ್ಲ ಡಿಸ್ಕು ಕೆಡುವುದರ ಮೇಲೆ ನಿಂತಿದೆ. ದಿನಕ್ಕೆರಡು ಸಲ ಕರೆಂಟು ಹೋಗುವುದನ್ನು ನೋಡುತ್ತ ಬೆಳೆದ ನಮ್ಮ ಓದುಗರಿಗೆ ಈ ಆದ್ಯತೆ ವಿಚಿತ್ರವೆನಿಸಿದರೆ ತಪ್ಪಿಲ್ಲ.

ಕರೆಂಟಿನ ಪ್ರಶ್ನೆಯನ್ನು ಅದೇ ಬಳಗ ಆಮೇಲೆ ಕೈಗೆತ್ತಿಕೊಂಡಿತು. ಪೀಟರ್ ಚೆನ್, ಎಡ್ವರ್ಡ್ ಲೀ ಮತ್ತು ಮೇಲಿನ ಮೂವರು 1994ರಲ್ಲಿ ಎಸಿಎಂ ಕಂಪ್ಯೂಟಿಂಗ್ ಸರ್ವೇಸ್ ಪತ್ರಿಕೆಯಲ್ಲಿ ಬರೆದ ಸಮೀಕ್ಷೆ, ವ್ಯವಸ್ಥೆ ಕುಸಿದಾಗ ಪ್ಯಾರಿಟಿ ಹೊಂದಾಣಿಕೆ ತಪ್ಪುವುದನ್ನು ಪ್ರತ್ಯೇಕ ಅಪಾಯವೆಂದೇ ಹೆಸರಿಸುತ್ತದೆ. ಎರಡು ಡಿಸ್ಕು ಒಟ್ಟಿಗೆ ಹೋಗುವುದಷ್ಟೇ ಅಲ್ಲ, ಯಂತ್ರ ಕುಸಿದ ಬೆನ್ನಿಗೆ ಒಂದು ಡಿಸ್ಕು ಹೋಗುವುದೂ ಮಾಹಿತಿ ನಾಶಕ್ಕೆ ದಾರಿ ಎಂದು ಅದು ಲೆಕ್ಕ ಹಾಕಿತು. ಇಂದು ‘ರೈಟ್ ಹೋಲ್’ ಎಂದು ಕರೆಯುವ ತೊಡಕು ಇದೇ.

ಇದನ್ನು ಅಂಕಿಗಳಲ್ಲೇ ನೋಡುವುದು ಮೇಲು. ಮೂರು ಡಿಸ್ಕುಗಳ ಪುಟ್ಟ ಸಮೂಹವೊಂದಿದೆ ಎನ್ನೋಣ. ಮೊದಲನೆಯದರಲ್ಲಿ 110, ಎರಡನೆಯದರಲ್ಲಿ 011, ಮೂರನೆಯದರಲ್ಲಿ ಇವೆರಡರ ಎಕ್ಸಾರ್ ಆದ 101, ಅಂದರೆ ಪ್ಯಾರಿಟಿ. ಈಗ ಮೊದಲನೆಯದರಲ್ಲಿ 001 ಎಂದು ಬರೆಯಬೇಕು; ಪ್ಯಾರಿಟಿ 010 ಆಗಬೇಕು. ಎರಡು ಡಿಸ್ಕುಗಳಿಗೆ ಎರಡು ಬರಹ, ಎರಡೂ ಒಂದೇ ಕ್ಷಣದಲ್ಲಿ ಮುಗಿಯುವುದಿಲ್ಲ. 001 ಬಿದ್ದಾಗಿದೆ, ಪ್ಯಾರಿಟಿ ಇನ್ನೂ ಹಳೆಯ 101ರಲ್ಲೇ ಇದೆ, ಅಷ್ಟರಲ್ಲಿ ಕರೆಂಟು ಹೋಯಿತು. ಮೂರೂ ಡಿಸ್ಕು ಮರಳಿ ಬಂದರೆ ತೊಂದರೆಯಿಲ್ಲ, ಪ್ಯಾರಿಟಿಯನ್ನು ಮತ್ತೆ ಲೆಕ್ಕ ಹಾಕಿದರಾಯಿತು. ಎರಡನೆಯದು ಬರಲಿಲ್ಲ ಎನ್ನಿ. ಅದರಲ್ಲಿದ್ದುದನ್ನು 001 ಮತ್ತು 101ರಿಂದ ಕಟ್ಟಬೇಕು. ಬರುವ ಉತ್ತರ 100. ಅಲ್ಲಿದ್ದದ್ದು 011. ಗಮನಿಸಬೇಕಾದ್ದು, ಎರಡನೆಯ ಡಿಸ್ಕಿಗೆ ಆ ಹೊತ್ತಿನಲ್ಲಿ ಯಾರೂ ಏನನ್ನೂ ಬರೆಯುತ್ತಿರಲಿಲ್ಲ. ವರ್ಷದಿಂದ ಯಾರೂ ಮುಟ್ಟದ ಕಡತವೊಂದು ಹೀಗೆ ಸದ್ದಿಲ್ಲದೆ ಕೆಡಬಹುದು. ಕರ್ನೆಲ್ ತೆರೆಯಲೊಲ್ಲದಿರುವುದು ಈ 100ನ್ನು ನಿಜವೆಂದು ಒಪ್ಪಿಸಬೇಕಾಗುತ್ತದೆಂಬ ಕಾರಣಕ್ಕೆ.

ಹಾರ್ಡ್‌ವೇರ್ ರೇಡ್ ತಯಾರಕರು ಇದಕ್ಕೆ ಹಣದಿಂದ ಉತ್ತರ ಕೊಟ್ಟರು. ಕಂಟ್ರೋಲರ್ ಕಾರ್ಡಿನ ಮೇಲೆ ಬ್ಯಾಟರಿ ಇರುವ ಮೆಮೊರಿ ಇಟ್ಟರೆ ಅರ್ಧಕ್ಕೆ ನಿಂತ ಬರಹ ಅಲ್ಲಿ ಉಳಿದಿರುತ್ತದೆ. ಬರಿಯ ಪಿಸಿ ಮತ್ತು ಸಾಧಾರಣ ಡಿಸ್ಕುಗಳ ಮೇಲೆ ನಿಂತ ಸಾಫ್ಟ್‌ವೇರ್ ರೇಡ್‌ಗೆ ಆ ಅನುಕೂಲವಿರಲಿಲ್ಲ.

ಲಿನಕ್ಸ್‌ನಲ್ಲಿ ಇದರ ಆರಂಭ ಸಾಧಾರಣವಾದದ್ದು. 1996ರ 2.0 ಕರ್ನೆಲ್‌ನಲ್ಲಿ ಮಾರ್ಕ್ ಜಿಂಗಿಯೆ ಬರೆದ ಎಂಡಿ ಡ್ರೈವರ್ ಡಿಸ್ಕುಗಳನ್ನು ಒಂದರ ಹಿಂದೊಂದು ಪೋಣಿಸುತ್ತಿತ್ತು, ಇಲ್ಲವೇ ರೇಡ್-0 ಆಗಿ ಹೆಣೆಯುತ್ತಿತ್ತು. ಇಂಗೊ ಮೊಲ್ನಾರ್, ಮಿಗೆಲ್ ದೆ ಇಕಾಸಾ ಮತ್ತು ಗಾದಿ ಆಕ್ಸ್‌ಮನ್ ಅದಕ್ಕೆ ರೇಡ್-5 ಸೇರಿಸಿದರು. ಆ ದಿನಗಳಲ್ಲಿ ಯಂತ್ರ ಸರಿಯಾಗಿ ಮುಚ್ಚದಿದ್ದರೆ ಸಿಕೆರೇಡ್ ಎಂಬ ಬೇರೆಯೇ ಉಪಕರಣವನ್ನು ಓಡಿಸಿ ಪ್ಯಾರಿಟಿ ಸರಿಪಡಿಸಿಕೊಂಡ ಮೇಲೆಯೇ ಸಮೂಹ ಚಾಲೂ ಆಗುತ್ತಿತ್ತು. ಅಲ್ಲಿಯವರೆಗೆ ಕಾಯುತ್ತ ಕೂರಬೇಕು. ಪ್ಯಾರಿಟಿ ಸರಿಪಡಿಸುವ ಕೆಲಸ ಕರ್ನೆಲ್‌ನ ಒಳಗೇ, ಹಿನ್ನೆಲೆಯಲ್ಲಿ, ಸಮೂಹ ಬಳಕೆಯಲ್ಲಿರುವಾಗಲೇ ನಡೆಯುವಂತಾದದ್ದು ಮುಂದಿನ ಹಂತದಲ್ಲಿ. 2001ರ 2.4 ಕರ್ನೆಲ್‌ನೊಂದಿಗೆ ಅದು ಎಲ್ಲರಿಗೂ ದೊರಕಿತು.

ಈ ಘಟ್ಟದಲ್ಲಿ ಬಂದ 0.90 ಆವೃತ್ತಿಯ ಸೂಪರ್‌ಬ್ಲಾಕ್ ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ತಿರುವು. ಪ್ರತಿ ಡಿಸ್ಕಿನ ಕೊನೆಯ ಭಾಗದಲ್ಲಿ 4 ಕೆಬಿಯಷ್ಟು ಜಾಗ. ಅದರಲ್ಲಿ ಸಮೂಹದ ಗುರುತು, ಈ ಡಿಸ್ಕು ಎಷ್ಟನೆಯದು, ಮಾಹಿತಿಯನ್ನು ಡಿಸ್ಕುಗಳಿಗೆ ಹಂಚುವ ತುಂಡಿನ, ಅಂದರೆ ಚಂಕ್‌ನ ಗಾತ್ರವೆಷ್ಟು, ಸಮೂಹ ಶುದ್ಧವಾಗಿ ಮುಚ್ಚಿತ್ತೇ ಎಂಬ ವಿವರ, ಮತ್ತು ಈವೆಂಟ್ ಕೌಂಟ್. ಡಿಸ್ಕೊಂದು ಸೇರಿದಾಗ, ಬಿದ್ದಾಗ, ಸಮೂಹ ಶುದ್ಧದಿಂದ ಅಶುದ್ಧಕ್ಕೆ ಹೊರಳಿದಾಗ ಈ ಎಣಿಕೆ ಏರುತ್ತದೆ ಮತ್ತು ಕೆಲಸದಲ್ಲಿರುವ ಎಲ್ಲ ಡಿಸ್ಕುಗಳ ಮೇಲೂ ದಾಖಲಾಗುತ್ತದೆ. ಹಿಂದೆಬಿದ್ದ ಡಿಸ್ಕಿನ ಎಣಿಕೆ ಹಳೆಯದಾಗಿಯೇ ಉಳಿಯುತ್ತದೆ. ಕರ್ನೆಲ್ ಅದನ್ನು ಕಂಡು ‘ಕಿಕಿಂಗ್ ನಾನ್-ಫ್ರೆಶ್’ ಎಂದು ಬರೆದು ಹೊರಗಿಡುತ್ತದೆ. ಪಾಲಾದ ಅಣ್ಣತಮ್ಮಂದಿರು ಪಂಚಾಯಿತಿ ಕಟ್ಟೆಯಲ್ಲಿ ಒಬ್ಬೊಬ್ಬರು ಒಂದೊಂದು ತಾರೀಖು ಹೇಳಿದಾಗ ಯಾರ ಮಾತು ಹಿಡಿಯಬೇಕು ಎಂಬಂಥದೇ ತಕರಾರು ಇದು. ವ್ಯತ್ಯಾಸವೆಂದರೆ ಇಲ್ಲಿ ಪ್ರತಿಯೊಬ್ಬರ ಮಾತಿಗೂ ಒಂದು ಕ್ರಮಸಂಖ್ಯೆಯಿದೆ.

ದಾಖಲೆಯೇನೋ ಇತ್ತು, ಅದನ್ನು ಓದುವ ಅಭ್ಯಾಸ ಇನ್ನೂ ಬೆಳೆದಿರಲಿಲ್ಲ. ಅಂದಿನ ರೇಡ್‌ಟೂಲ್ಸ್ ಉಪಕರಣಗಳು ಕೈಯಿಂದ ಬರೆದ ರೇಡ್‌ಟ್ಯಾಬ್ ಕಡತವನ್ನು ಆಧರಿಸಿದ್ದವು. ಎರಡು ಡಿಸ್ಕು ಒಟ್ಟಿಗೆ ಹೊರಬಿದ್ದರೆ (ಕೇಬಲ್ಲೋ ಕಂಟ್ರೋಲರೋ ಕೈಕೊಟ್ಟರೆ ಸಾಕು) ಆ ಕಾಲದ ಕೈಪಿಡಿ ಹೇಳುತ್ತಿದ್ದ ದಾರಿ ಎಂಕೆರೇಡ್ ಆಜ್ಞೆಯಿಂದ ಸೂಪರ್‌ಬ್ಲಾಕ್‌ಗಳನ್ನು ಬಲವಂತವಾಗಿ ಹೊಸದಾಗಿ ಬರೆಯುವುದು. ರೇಡ್‌ಟ್ಯಾಬ್ ಮತ್ತು ನಿಜವಾದ ಡಿಸ್ಕುಗಳ ಕ್ರಮ ಒಂದಕ್ಕೊಂದು ತಾಳೆಯಾದರೆ ಬದುಕಿದಿರಿ. ಸಮೂಹ ಕಟ್ಟಿದ ಮೇಲೆ ಡಿಸ್ಕು ಬದಲಾಗಿ, ಕಡತ ತಿದ್ದಿರದಿದ್ದರೆ ಇದ್ದ ಸಾಕ್ಷ್ಯವೂ ಅಳಿಸಿಹೋಯಿತು.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿದ್ದ ನೀಲ್ ಬ್ರೌನ್ 2001ರಲ್ಲಿ ಹೊರತಂದ ಎಂಡಿಆ್ಯಡಮ್ ಈ ದೃಷ್ಟಿಯನ್ನೇ ತಿರುಗಿಸಿತು. ಅದಕ್ಕೆ ರೇಡ್‌ಟ್ಯಾಬ್ ಬೇಡ. ಡಿಸ್ಕುಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ಓದುತ್ತದೆ. ಪರೀಕ್ಷಿಸುವ ಆಜ್ಞೆ ಕೊಟ್ಟರೆ ಪ್ರತಿ ಡಿಸ್ಕಿನ ಹೇಳಿಕೆ ಪರದೆಯ ಮೇಲೆ ಬೀಳುತ್ತದೆ. ಉದಾಹರಣೆಗೆ ನಾಲ್ಕು ಡಿಸ್ಕುಗಳ ಎಣಿಕೆ 8421, 8421, 8419, 6007 ಎಂದಿದ್ದರೆ ಕಥೆ ಸ್ಪಷ್ಟ: ಕೊನೆಯದು ಎಂದೋ ಬಿದ್ದುಹೋಗಿದೆ, ಯಾರೂ ನೋಡಿಲ್ಲ, ಮೂರನೆಯದು ಕರೆಂಟು ಹೋದ ಗಳಿಗೆಯಲ್ಲಿ ಎರಡು ಹೆಜ್ಜೆ ಹಿಂದುಳಿದಿದೆ. ಬಲವಂತದ ಜೋಡಣೆಗೆ ಹೇಳಿದರೆ ಎಂಡಿಆ್ಯಡಮ್ 8419ನ್ನು ಮುಂದಿನವುಗಳ ಸಮಕ್ಕೆ ತಂದು ಮೂರು ಡಿಸ್ಕುಗಳಿಂದ ಸಮೂಹ ಎಬ್ಬಿಸುತ್ತದೆ. 6007ನ್ನು ಮುಟ್ಟುವುದಿಲ್ಲ, ಮುಟ್ಟಬಾರದು. ಕೊನೆಯ ಕ್ಷಣದ ಕೆಲವು ಬರಹಗಳು ಕೆಟ್ಟಿರಬಹುದು, ಕಡತ ವ್ಯವಸ್ಥೆಯನ್ನು ತಪಾಸಣೆಗೆ ಒಡ್ಡಬೇಕು. ಇಲ್ಲಿ ನಷ್ಟವನ್ನು ಮುಂಚೆಯೇ ಅಂದಾಜು ಮಾಡಬಹುದು ಎಂಬುದೇ ದೊಡ್ಡ ಮಾತು. ಬ್ರೌನ್ 2.6 ಕರ್ನೆಲ್ ಸರಣಿಯಲ್ಲಿ ಇನ್ನೊಂದು ಸಣ್ಣ ಬದಲಾವಣೆ ತಂದರು: ಸುಮಾರು 200 ಮಿಲಿಸೆಕೆಂಡು ಏನೂ ಬರೆಯದಿದ್ದರೆ ಸಮೂಹ ತನ್ನನ್ನು ಶುದ್ಧವೆಂದು ಗುರುತು ಮಾಡಿಕೊಳ್ಳುತ್ತದೆ. ಸುಮ್ಮನಿದ್ದ ಹೊತ್ತಿನಲ್ಲಿ ಕರೆಂಟು ಹೋದರೆ ಅನುಮಾನಕ್ಕೇ ಎಡೆಯಿಲ್ಲ.

ಹಳೆಯ ಅಭ್ಯಾಸ ಮಾತ್ರ ಅಷ್ಟು ಬೇಗ ಹೋಗಲಿಲ್ಲ. ಜೋಡಣೆ ಫಲಿಸದಿದ್ದಾಗ ಅದೇ ಡಿಸ್ಕುಗಳ ಮೇಲೆ ‘ಕ್ರಿಯೇಟ್’ ಆಜ್ಞೆ ಕೊಟ್ಟು, ಮರುಹೊಂದಾಣಿಕೆ ಬೇಡ ಎಂದು ಸೂಚಿಸಿ, ಹೊಸ ಸಮೂಹವನ್ನು ಹಳೆಯದರ ಮೇಲೆ ಹೊದಿಸುವ ವಿದ್ಯೆ ಎಂಕೆರೇಡ್ ಕಾಲದಿಂದ ನೇರವಾಗಿ ಇಳಿದುಬಂದದ್ದು. ಉಪಕರಣ ಬದಲಾಗುತ್ತ ಹೋದಂತೆ ಇದರ ಅಪಾಯ ಹೆಚ್ಚಿತು. ಎಂಡಿಆ್ಯಡಮ್ 3.1ರಲ್ಲಿ ತಾನಾಗಿ ಬರುವ ಚಂಕ್ ಗಾತ್ರ 64 ಕೆಬಿಯಿಂದ 512 ಕೆಬಿಗೆ ಏರಿತು. ಅದೇ ಸುಮಾರಿಗೆ ಸೂಪರ್‌ಬ್ಲಾಕ್ ಡಿಸ್ಕಿನ ಕೊನೆಯಿಂದ ಆರಂಭದ ಭಾಗಕ್ಕೆ ಬಂತು. ಈಗ ರೂಢಿಯಲ್ಲಿರುವ 1.2 ಆವೃತ್ತಿ ಆರಂಭದಿಂದ 4 ಕೆಬಿ ದೂರದಲ್ಲಿ ಕೂರುತ್ತದೆ. ಮಾಹಿತಿ ಎಲ್ಲಿಂದ ಶುರುವಾಗುತ್ತದೆ ಎಂಬ ಲೆಕ್ಕವೂ ಆವೃತ್ತಿಯಿಂದ ಆವೃತ್ತಿಗೆ ಸರಿಯುತ್ತ ಬಂತು. ಆದ್ದರಿಂದ 2008ರಲ್ಲಿ ಕಟ್ಟಿದ ಸಮೂಹದ ಮೇಲೆ 2013ರ ಉಪಕರಣದಿಂದ ‘ಕ್ರಿಯೇಟ್’ ಕೊಟ್ಟರೆ, ಡಿಸ್ಕುಗಳ ಕ್ರಮ ಸರಿಯಾಗಿ ನೆನಪಿದ್ದರೂ, ಗಾತ್ರ ತಪ್ಪು, ಆರಂಭ ತಪ್ಪು, ಮೇಲಾಗಿ ಹೊಸ ಸೂಪರ್‌ಬ್ಲಾಕ್ ಬಿದ್ದ ಜಾಗದಲ್ಲಿ ಹಿಂದೆ ಕಡತ ವ್ಯವಸ್ಥೆಯ ಭಾಗವೇ ಇದ್ದಿರಬಹುದು. ಕರೆಂಟು ಹೋದದ್ದರಿಂದ ಆದ ನಷ್ಟ ಕೆಲವು ಕಿಲೋಬೈಟಿನದು, ಆಮೇಲಿನ ಗಾಬರಿಯಿಂದ ಆದದ್ದು ಇಡೀ ಸಮೂಹದ್ದು. ಇಂಥ ನಾಶಗಳಲ್ಲಿ ಹೆಚ್ಚಿನವಕ್ಕೆ ಡಿಸ್ಕಿಗಿಂತ ಕೀಬೋರ್ಡೇ ಕಾರಣವೆಂದು ನಾನು ತಿಳಿಯುತ್ತೇನೆ.

ಇದಕ್ಕೆ ಬಂದ ಉತ್ತರ ಎಂಡಿ ಡ್ರೈವರ್‌ನ ಹೊರಗಿನದು. ಕರ್ನೆಲ್‌ನ ಡಿವೈಸ್ ಮ್ಯಾಪರ್ ಬಳಸಿ ಪ್ರತಿ ಡಿಸ್ಕಿನ ಮೇಲೆ ತೆಳುವಾದ ಪದರವೊಂದನ್ನು ಹಾಸಬಹುದು. ಬರೆದದ್ದೆಲ್ಲ ಬೇರೊಂದು ಡಿಸ್ಕಿನ ಖಾಲಿ ಕಡತಕ್ಕೆ ಹೋಗುತ್ತದೆ, ಮೂಲ ಡಿಸ್ಕು ಓದಲಿಕ್ಕೆ ಮಾತ್ರ. ಆಗ ಯಾವ ಜೋಡಣೆಯನ್ನಾದರೂ ಮಾಡಿ ನೋಡಿ, ತಪ್ಪಾದರೆ ಪದರ ಕಿತ್ತು ಮತ್ತೆ ಹಾಸಬಹುದು. ಓದಲು ತಿಣುಕುವ ಡಿಸ್ಕಿದ್ದರೆ ಅದಕ್ಕೂ ಮೊದಲು ಗ್ನೂ ಡಿಡಿರೆಸ್ಕ್ಯೂ ಬಳಸಿ ಪ್ರತಿ ತೆಗೆದಿಟ್ಟುಕೊಳ್ಳಬೇಕು. ವಿಧಿವಿಜ್ಞಾನ ಪ್ರಯೋಗಾಲಯದವರು ಮೂಲ ಸಾಕ್ಷ್ಯವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡುವ ಶಿಸ್ತು ಸರ್ವರ್ ಕೋಣೆಗೂ ಬಂತು.

ಡ್ರೈವರ್‌ನ ಒಳಗೆ ನಡೆದ ಕೆಲಸ ಬೇರೆ ಜಾಡಿನದು. ದೊಡ್ಡ ಡಿಸ್ಕುಗಳು ಬಂದಂತೆ ಇಡೀ ಪ್ಯಾರಿಟಿ ಮರುಲೆಕ್ಕಕ್ಕೆ ಗಂಟೆಗಟ್ಟಲೆ ಹಿಡಿಯತೊಡಗಿತು, ಆ ಅವಧಿಯಲ್ಲಿ ಡಿಸ್ಕೊಂದು ಹೋದರೆ ಮುಗಿಯಿತು. 2005ರ ಹೊತ್ತಿಗೆ ಪಾಲ್ ಕ್ಲೆಮೆಂಟ್ಸ್ ಅವರ ಕೊಡುಗೆಯಾಗಿ ರೈಟ್-ಇಂಟೆಂಟ್ ಬಿಟ್‌ಮ್ಯಾಪ್ ಸೇರಿತು. ಯಾವ ಪ್ರದೇಶಕ್ಕೆ ಬರೆಯಲಿದ್ದೇವೆ ಎಂದು ಮೊದಲು ಒಂದು ಬಿಟ್ ಗುರುತಿಟ್ಟು ಆಮೇಲೆ ಬರೆಯುವುದು. ಕುಸಿದೆದ್ದ ಮೇಲೆ ಗುರುತಿರುವ ಕಡೆ ಮಾತ್ರ ಲೆಕ್ಕ ಹಾಕಿದರೆ ಸಾಕು. ಅದೇ ವರ್ಷದ ಫಾಸ್ಟ್ ಸಮ್ಮೇಳನದಲ್ಲಿ ವಿಸ್ಕಾನ್ಸಿನ್‌ನ ಟಿಮೊಥಿ ಡೆನೆಹಿ ಮತ್ತು ಆರ್ಪಾಚಿ-ಡುಸೊ ದಂಪತಿ, ಈ ಗುರುತನ್ನು ಕಡತ ವ್ಯವಸ್ಥೆಯ ಜರ್ನಲ್‌ನಿಂದಲೇ ಪಡೆಯಬಹುದೆಂದು ಎಕ್ಸ್ಟ್-3ರ ಮೇಲೆ ತೋರಿಸಿದರು. ಸನ್ ಕಂಪನಿಯ ಜೆಡ್‌ಎಫ್‌ಎಸ್ ಇನ್ನೂ ಮುಂದೆ ಹೋಗಿ, ರೇಡ್ ಮತ್ತು ಕಡತ ವ್ಯವಸ್ಥೆಯ ನಡುವಿನ ಗೋಡೆಯನ್ನೇ ಕೆಡವಿ, ಇದ್ದದ್ದರ ಮೇಲೆ ಎಂದೂ ಬರೆಯದೆ ಪ್ರತಿ ಸಲ ಹೊಸ ಜಾಗದಲ್ಲಿ ಪೂರ್ತಿ ಪಟ್ಟಿಯನ್ನು (ಸ್ಟ್ರೈಪ್, ಅಂದರೆ ಡಿಸ್ಕುಗಳಿಗೆ ಅಡ್ಡಲಾಗಿ ಹರಡಿದ ತುಂಡುಗಳು ಮತ್ತು ಅವುಗಳ ಪ್ಯಾರಿಟಿ) ಬರೆಯುವ ದಾರಿ ಹಿಡಿಯಿತು. ಅಲ್ಲಿ ರೈಟ್ ಹೋಲ್ ಹುಟ್ಟುವುದೇ ಇಲ್ಲ.

ಬಿಟ್‌ಮ್ಯಾಪ್ ಕಾಯುವ ಹೊತ್ತನ್ನು ಕಡಿಮೆ ಮಾಡಿತೇ ಹೊರತು ಮೇಲಿನ 100ರ ಸಮಸ್ಯೆಯನ್ನು ಬಿಡಿಸಲಿಲ್ಲ. ಎಲ್ಲಿ ಅನುಮಾನವಿದೆ ಎಂದು ಅದು ಹೇಳುತ್ತದೆ, ಅಲ್ಲಿ ಏನಿತ್ತು ಎಂದು ಹೇಳಲಾರದು. ಎಂಡಿಯಲ್ಲಿ ಅದಕ್ಕೆ ಉತ್ತರ ಬಂದದ್ದು ಇನ್ನೂ ಹತ್ತು ವರ್ಷ ಕಳೆದ ಮೇಲೆ. 2016ರ ಜನವರಿಯ 4.4 ಕರ್ನೆಲ್‌ನಲ್ಲಿ ಶಾವೊಹುವಾ ಲಿ ಅವರ ಕೆಲಸದಿಂದ ಜರ್ನಲ್ ಬಂತು: ಮಾಹಿತಿ ಮತ್ತು ಪ್ಯಾರಿಟಿ ಮೊದಲು ಬೇರೊಂದು ವೇಗದ ಡಿಸ್ಕಿಗೆ, ಬಳಿಕ ಸಮೂಹಕ್ಕೆ. ಆ ಜರ್ನಲ್ ಡಿಸ್ಕೇ ಕೆಟ್ಟರೆ ಎಂಬ ಚಿಂತೆ ಮಾತ್ರ ಉಳಿಯಿತು. 2017ರ 4.12ರಲ್ಲಿ ಇಂಟೆಲ್‌ನ ಆರ್ತುರ್ ಪಾಷ್ಕೆವಿಚ್ ಬರೆದ ಪಾರ್ಷಿಯಲ್ ಪ್ಯಾರಿಟಿ ಲಾಗ್ ಬೇರೆ ಡಿಸ್ಕನ್ನು ಕೇಳುವುದಿಲ್ಲ. ಪಟ್ಟಿಯೊಂದರಲ್ಲಿ ಈಗ ಬದಲಾಗದೆ ಉಳಿಯುವ ತುಂಡುಗಳ ಎಕ್ಸಾರ್ ಅನ್ನು, ಬರಹ ಶುರುವಾಗುವ ಮುನ್ನವೇ, ಆ ಪಟ್ಟಿಯ ಪ್ಯಾರಿಟಿ ಇರುವ ಡಿಸ್ಕಿನ ಮೆಟಾಡೇಟಾ ಜಾಗದಲ್ಲಿ ಬರೆದಿಡುತ್ತದೆ. ನಮ್ಮ ಉದಾಹರಣೆಯಲ್ಲಿ ಹಾಗೆ ಉಳಿಯುವುದು ಎರಡನೆಯ ಡಿಸ್ಕಿನ 011 ಒಂದೇ. ಅದು ಲಾಗ್‌ನಲ್ಲಿ ಇರುವುದರಿಂದ ಡಿಸ್ಕು ಮರಳದಿದ್ದರೂ 100 ಎಂಬ ಸುಳ್ಳು ಹುಟ್ಟುವುದಿಲ್ಲ. ಬರೆಯುತ್ತಿದ್ದ ಹೊಸ ಮಾಹಿತಿ ಹೋದರೆ ಹೋಯಿತು, ಮುಟ್ಟದ ಮಾಹಿತಿ ಸುರಕ್ಷಿತ. ಬರೆಯುವ ವೇಗ ಶೇ. 30ರಿಂದ 40ರವರೆಗೆ ತಗ್ಗಬಹುದೆಂದು ಕರ್ನೆಲ್‌ನ ದಾಖಲೆಯೇ ಹೇಳುತ್ತದೆ.

ಈ ಬೆಲೆ ತೆರಲು ಎಲ್ಲರೂ ಸಿದ್ಧರಿಲ್ಲ. ಜರ್ನಲ್ ಆಗಲಿ ಪ್ಯಾರಿಟಿ ಲಾಗ್ ಆಗಲಿ ಕೇಳಿ ಹಾಕಿಸಿಕೊಂಡರೆ ಮಾತ್ರ ಬರುತ್ತವೆ. ಏನೂ ಹೇಳದೆ ದೊಡ್ಡ ಡಿಸ್ಕುಗಳ ಮೇಲೆ ರೇಡ್-5 ಕಟ್ಟಿದವರಿಗೆ ಎಂಡಿಆ್ಯಡಮ್ ವರ್ಷಗಳ ಕಾಲ ತಾನಾಗಿ ಕೊಡುತ್ತಿದ್ದುದು ಬಿಟ್‌ಮ್ಯಾಪ್ ಒಂದನ್ನೇ. ಹಾಗಾಗಿ ‘ಡರ್ಟಿ ಡಿಗ್ರೇಡೆಡ್’ ಸಾಲು ರೇಡ್-5ರ ಮೂಲಕೋಡ್‌ನಲ್ಲಿ ಇನ್ನೂ ಇದೆ. ಅದನ್ನು ಮೀರಿ ತೆರೆಯಲೇಬೇಕೆನ್ನುವವರಿಗಾಗಿ ಕರ್ನೆಲ್‌ಗೆ ಕೊಡುವ ಒಂದು ಆಯ್ಕೆಯೂ ಇದೆ; ಯಾರಾದರೂ ತಿಳಿದು ಹಾಕುವವರೆಗೆ ಅದು ಸೊನ್ನೆಯಲ್ಲೇ ಇರುತ್ತದೆ.