ತಲೆಯೆಣಿಕೆಯೇ ತೀರ್ಪಲ್ಲ: ಕಾಳಿ ಕಣಿವೆಯ ಮತದಾರರು ಮತ್ತು ಪಕ್ಷಗಳ ನಾಳೆ

2018ರ ವಿಧಾನಸಭಾ ಚುನಾವಣೆಯಲ್ಲಿ ಯಲ್ಲಾಪುರ ಕ್ಷೇತ್ರದಿಂದ ಶಿವರಾಮ ಹೆಬ್ಬಾರ್ ಕಾಂಗ್ರೆಸ್‌ನಿಂದಲೂ ವಿ.ಎಸ್. ಪಾಟೀಲ ಬಿಜೆಪಿಯಿಂದಲೂ ನಿಂತಿದ್ದರು. ಹೆಬ್ಬಾರ್ 1,483 ಮತಗಳಿಂದ ಗೆದ್ದರು. 2023ರಲ್ಲಿ ಅದೇ ಕ್ಷೇತ್ರ, ಅದೇ ಇಬ್ಬರು. ಪಕ್ಷಗಳು ಮಾತ್ರ ಅದಲು ಬದಲು. ಈ ಸಲ ಹೆಬ್ಬಾರ್ ಬಿಜೆಪಿಯಿಂದ, ಪಾಟೀಲರು ಕಾಂಗ್ರೆಸ್‌ನಿಂದ. ಮತ್ತೆ ಹೆಬ್ಬಾರ್ ಗೆದ್ದರು, 4,004 ಮತಗಳ ಅಂತರದಲ್ಲಿ. ಮುಂಡಗೋಡ ತಾಲ್ಲೂಕು ಸೇರಿರುವ ಈ ಕ್ಷೇತ್ರದ ಜನರ ಜಾತಿ, ಧರ್ಮ, ಮನೆಮಾತು ಐದು ವರ್ಷಗಳಲ್ಲಿ ಬದಲಾಗಿರಲಿಲ್ಲ. ಹಾಗಾದರೆ ಜನಸಂಖ್ಯೆಯ ಲೆಕ್ಕ ಹಿಡಿದು ಪಕ್ಷಗಳ ಭವಿಷ್ಯ ನುಡಿಯುವ ವಿದ್ಯೆ ಎಲ್ಲಿಯವರೆಗೆ ನಂಬಿಕೆಗೆ ಅರ್ಹ?

ಈ ಪ್ರಶ್ನೆಗೆ ಉತ್ತರ ಹುಡುಕಲು ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡಗಳಿಗಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಕಾಳಿ ದಂಡೆಯ ಮೌಳಂಗಿಯನ್ನು ನಡುವೆ ಇಟ್ಟುಕೊಂಡು ನೋಡಿದರೆ ಒಂದು ಕಡೆ ದಾಂಡೇಲಿಯ ಕಾರ್ಖಾನೆ ಕಾರ್ಮಿಕರು, ಇನ್ನೊಂದು ಕಡೆ ಜೊಯಿಡಾದ ಕುಣಬಿ ಊರುಗಳು, ಬಯಲಿನತ್ತ ಹಳಿಯಾಳದ ಕಬ್ಬು ಬೆಳೆಯುವ ಮರಾಠ, ಲಿಂಗಾಯತ ಮತ್ತು ಮುಸ್ಲಿಂ ಕುಟುಂಬಗಳು, ಅದರಾಚೆ ಮುಂಡಗೋಡದ ಟಿಬೆಟನ್ನರು. ಸಿದ್ದಿಗಳು, ಗೌಳಿಗರು ಈ ಎಲ್ಲ ಕಡೆಯ ಕಾಡಂಚಿನಲ್ಲೂ ಇದ್ದಾರೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಟಿಬೆಟನ್ ಇಷ್ಟೂ ಮಾತು ಬೆರೆಯುವ ಇಂಥ ಸೀಮೆ ಕರ್ನಾಟಕದಲ್ಲಿ ಅಪರೂಪ.

ಲೆಕ್ಕದ ವಿದ್ಯೆ ಬೆಳೆದ ಬಗೆ

ಮತದಾರರ ಸಾಮಾಜಿಕ ಹಿನ್ನೆಲೆಯಿಂದ ಪಕ್ಷಗಳ ಏಳುಬೀಳನ್ನು ವಿವರಿಸುವ ಅಧ್ಯಯನ ಬಲಗೊಂಡದ್ದು ಅಮೆರಿಕದಲ್ಲಿ. 1955ರಲ್ಲಿ ವಿ.ಒ. ಕೀ ನಿರ್ಣಾಯಕ ಚುನಾವಣೆಗಳ ಸಿದ್ಧಾಂತ ಮಂಡಿಸಿದರು: ಕೆಲವು ಚುನಾವಣೆಗಳಲ್ಲಿ ಇಡೀ ಸಮುದಾಯಗಳು ಹಳೆಯ ಪಕ್ಷ ಬಿಟ್ಟು ಹೊಸದಕ್ಕೆ ಸೇರುತ್ತವೆ, ಆ ಜೋಡಣೆ ಬಹುಕಾಲ ಉಳಿಯುತ್ತದೆ. 1969ರಲ್ಲಿ ಕೆವಿನ್ ಫಿಲಿಪ್ಸ್ ರಿಪಬ್ಲಿಕನ್ ಬಹುಮತದ ಉದಯವನ್ನು ಮುಂಗಂಡರು. ದಕ್ಷಿಣದ ಬಿಳಿಯರು ಡೆಮಾಕ್ರಟಿಕ್ ಪಕ್ಷದಿಂದ ದೂರವಾಗುತ್ತಾರೆ ಎಂಬ ಅವರ ಮಾತು ನಿಜವಾಯಿತು. ಅದಕ್ಕೆ ಕಾರಣ ಜನಸಂಖ್ಯೆಯ ಏರಿಳಿತಕ್ಕಿಂತ ಹೆಚ್ಚಾಗಿ 1964 ಮತ್ತು 1965ರ ನಾಗರಿಕ ಹಕ್ಕುಗಳ ಕಾಯ್ದೆಗಳು ಎಬ್ಬಿಸಿದ ರಾಜಕೀಯ.

2002ರಲ್ಲಿ ಜಾನ್ ಜುಡಿಸ್ ಮತ್ತು ರೂಯ್ ಟೆಶೇರಾ ತಕ್ಕಡಿಯ ಇನ್ನೊಂದು ತಟ್ಟೆಯನ್ನು ಎತ್ತಿ ತೋರಿಸಿದರು. ಲ್ಯಾಟಿನೋ, ಕರಿಯ ಮತ್ತು ಏಷ್ಯನ್ ಮೂಲದವರು, ಓದಿದ ವೃತ್ತಿಪರರು, ಮಹಿಳೆಯರು ಸೇರಿ ಡೆಮಾಕ್ರಟಿಕ್ ಬಹುಮತ ಕಟ್ಟುತ್ತಾರೆ ಎಂದರು. 2008ರಲ್ಲಿ ಒಬಾಮಾ ಗೆದ್ದಾಗ ಅದು ದಿಟವೆನಿಸಿತು. 2012ರ ಸೋಲಿನ ಬಳಿಕ ರಿಪಬ್ಲಿಕನ್ ಪಕ್ಷದ ಪರಾಮರ್ಶೆಯೂ ಲ್ಯಾಟಿನೋ ಮತದಾರರನ್ನು ಒಲಿಸಿಕೊಳ್ಳದೆ ದಾರಿಯಿಲ್ಲ ಎಂದಿತು. ಆದರೆ 2016ರಲ್ಲಿ ಟ್ರಂಪ್ ಆ ಸಲಹೆಗೆ ವಿರುದ್ಧ ನಡೆದು ಗೆದ್ದರು. 2024ರಲ್ಲಿ, ಜನಸಂಖ್ಯೆಯ ಬಹುಪಾಲು ಲ್ಯಾಟಿನೋಗಳೇ ಆಗಿರುವ ಟೆಕ್ಸಾಸ್‌ನ ಸ್ಟಾರ್ ಕೌಂಟಿಯಲ್ಲೂ ಅವರಿಗೆ ಬಹುಮತ ಬಂತು. ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮುಂದೆ ಬಂದು ನೂರು ವರ್ಷಕ್ಕೂ ಹೆಚ್ಚಾಗಿತ್ತು. ಜನಗಣತಿಯ ಅಂದಾಜು ತಪ್ಪಿರಲಿಲ್ಲ, ಲ್ಯಾಟಿನೋಗಳ ಸಂಖ್ಯೆ ಬೆಳೆದೇ ಇತ್ತು. ತಪ್ಪಿದ್ದು ಆ ಜನ ಎಂದೆಂದಿಗೂ ಒಂದೇ ಪಕ್ಷದವರು ಎಂಬ ಎಣಿಕೆ.

ನಮ್ಮಲ್ಲಿ ಈ ವಿಚಾರಕ್ಕೆ ಬುನಾದಿ ಬಿದ್ದದ್ದು ಮೈಸೂರು ಸೀಮೆಯ ಹಳ್ಳಿಯಲ್ಲಿ. ಎಂ.ಎನ್. ಶ್ರೀನಿವಾಸ್ 1955ರ ತಮ್ಮ ಲೇಖನದಲ್ಲಿ ವೋಟ್‌ಬ್ಯಾಂಕ್ ಎಂಬ ಕಲ್ಪನೆಯನ್ನು ಬಳಕೆಗೆ ತಂದರು. ಅವರು ಕಂಡದ್ದು ಹಳ್ಳಿಯ ಮತಗಳನ್ನು ಒಟ್ಟುಗೂಡಿಸಿ ಪಕ್ಷಕ್ಕೆ ತಲುಪಿಸುವ ಪ್ರಬಲ ವ್ಯಕ್ತಿಯನ್ನು, ಅವನ ಸುತ್ತಲಿನ ಋಣ ಮತ್ತು ಆಸರೆಯ ಸಂಬಂಧವನ್ನು. 1964ರಲ್ಲಿ ರಜನಿ ಕೊಠಾರಿ ಕಾಂಗ್ರೆಸ್ ವ್ಯವಸ್ಥೆಯನ್ನು ವಿವರಿಸಿ, ವಿರೋಧವೂ ಆ ಪಕ್ಷದ ಬಣಗಳೊಳಗೇ ನಡೆಯುತ್ತದೆ ಎಂದು ತೋರಿಸಿದರು. ಅವರು ಕಟ್ಟಿದ ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆ 1967ರಿಂದ ಮತದಾರರ ಸಮೀಕ್ಷೆ ಆರಂಭಿಸಿತು. ಅಂದಿನಿಂದ ಜಾತಿ, ವರ್ಗ, ಲಿಂಗ, ವಯಸ್ಸುಗಳ ಕೋಷ್ಟಕ ನಮ್ಮ ಚುನಾವಣಾ ಚರ್ಚೆಯ ಭಾಗವಾಗಿದೆ. ಕೋಷ್ಟಕದ ಹಿಂದೆ ಶ್ರೀನಿವಾಸರು ಕಂಡ ಮನುಷ್ಯ ಸಂಬಂಧಗಳು ಇಂದಿಗೂ ಕೆಲಸ ಮಾಡುತ್ತಿವೆ ಎಂಬುದಕ್ಕೆ ಕಾಳಿ ಕಣಿವೆ ಸಾಕ್ಷಿ.

ಜನ ಬಂದರು, ಜನ ಎದ್ದರು

1956ರವರೆಗೆ ಈ ತಾಲ್ಲೂಕುಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಸೇರಿದ ಬಳಿಕವೂ ಹಳಿಯಾಳ ಮತ್ತು ಸೂಪಾ (ಇಂದಿನ ಜೊಯಿಡಾ) ತಾಲ್ಲೂಕುಗಳ ಮೇಲೆ ಮಹಾರಾಷ್ಟ್ರದ ಹಕ್ಕೊತ್ತಾಯ ನಿಲ್ಲಲಿಲ್ಲ. ಭಾಷೆಯೇ ಪಕ್ಷವನ್ನು ತೀರ್ಮಾನಿಸುವುದಾಗಿದ್ದರೆ ಇಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ಬಲವಾಗಬೇಕಿತ್ತು. ಪಕ್ಕದ ಖಾನಾಪುರದಲ್ಲಿ ಅದು ಹಲವು ಸಲ ಗೆದ್ದಿತು. ಹಳಿಯಾಳದಲ್ಲಿ ಅಷ್ಟು ಆಳಕ್ಕೆ ಬೇರು ಬಿಡಲಿಲ್ಲ. ಮನೆಯಲ್ಲಿ ಮರಾಠಿ, ಕೊಂಕಣಿ ಆಡುವ ಜನ ರಾಜ್ಯ ರಾಜಕಾರಣದ ಮುಖ್ಯ ಪಕ್ಷಗಳೊಂದಿಗೇ ನಡೆದರು.

1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಕಾಡಿನ ನಡುವಿನ ದಾಂಡೇಲಿಯನ್ನು ಕೈಗಾರಿಕಾ ಪಟ್ಟಣ ಮಾಡಿತು. ಉತ್ತರ ಕರ್ನಾಟಕ, ಆಂಧ್ರ, ಕೇರಳ, ಮಹಾರಾಷ್ಟ್ರಗಳಿಂದ ಬಂದ ಕುಟುಂಬಗಳು ಇಲ್ಲೇ ನೆಲೆಸಿದವು. ಊರಿಗೆ ಮಿನಿ ಇಂಡಿಯಾ ಎಂಬ ಹೆಸರೂ ಬಂತು. ಮುಂದೆ ಪ್ಲೈವುಡ್, ಫೆರೋ ಅಲಾಯ್ಸ್ ಕಾರ್ಖಾನೆಗಳು ಬಾಗಿಲು ಮುಚ್ಚಿದವು. 2001ರಲ್ಲಿ 53 ಸಾವಿರ ದಾಟಿದ್ದ ಪಟ್ಟಣದ ಜನಸಂಖ್ಯೆ 2011ರ ಗಣತಿಗೆ ತುಸು ಇಳಿದಿತ್ತು. ಕಾಯಂ ಕಾರ್ಮಿಕರ ಮಕ್ಕಳು ಹೊರಗೆ ಕೆಲಸ ಹುಡುಕಿ ಹೋದರು. ಉಳಿದವರಲ್ಲಿ ಗುತ್ತಿಗೆ ಕೆಲಸ, ರೆಸಾರ್ಟ್, ಹೋಮ್‌ಸ್ಟೇ, ರ‍್ಯಾಫ್ಟಿಂಗ್ ನಂಬಿದವರು ಹೆಚ್ಚಾದರು. ಗಣೇಶಗುಡಿಯಿಂದ ಮೌಳಂಗಿಯವರೆಗಿನ ನದಿಯೇ ಈಗ ಅನೇಕರಿಗೆ ದುಡಿಮೆಯ ಜಾಗ. ಯೂನಿಯನ್ ಮೂಲಕ ರಾಜಕೀಯಕ್ಕೆ ಬಂದ ತಲೆಮಾರಿನ ಬೇಡಿಕೆಗಳೇ ಬೇರೆ, ಹಂಗಾಮಿನ ಪ್ರವಾಸಿಗರನ್ನು ಕಾಯುವ ಈ ತಲೆಮಾರಿನ ಬೇಡಿಕೆಗಳೇ ಬೇರೆ.

ಜೊಯಿಡಾದಲ್ಲಿ ಜನರನ್ನು ಎಬ್ಬಿಸಿದ್ದು ನೀರು ಮತ್ತು ಕಾಡು. ಕಾಳಿ ಯೋಜನೆಯ ಸೂಪಾ ಅಣೆಕಟ್ಟೆ 1987ರ ಹೊತ್ತಿಗೆ ಪೂರ್ಣಗೊಂಡಾಗ ಹಳೆಯ ಸೂಪಾ ಪಟ್ಟಣವೇ ಮುಳುಗಿತ್ತು. ತಾಲ್ಲೂಕು ಕೇಂದ್ರ ಜೊಯಿಡಾಕ್ಕೆ ಬಂತು, ನಿರಾಶ್ರಿತರು ರಾಮನಗರದಲ್ಲಿ ಬದುಕು ಕಟ್ಟಿದರು. ನಾಡಿಗೆ ವಿದ್ಯುತ್ ಕೊಡಲು ಮನೆ ಕಳೆದುಕೊಂಡವರು ಕುಡಿಯುವ ನೀರಿಗಾಗಿ ದಶಕಗಳ ಕಾಲ ಮೊರೆಯಿಟ್ಟರು. 2007ರಲ್ಲಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2015ರಲ್ಲಿ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಪರಿಹಾರ ಪಡೆದು ಕಾಡು ಬಿಟ್ಟ ಕುಟುಂಬಗಳ ಹೆಸರು ಮತಪಟ್ಟಿಯಲ್ಲೂ ಊರು ಬದಲಿಸಿತು. ಜಿಲ್ಲೆಯಲ್ಲೇ ಅತ್ಯಂತ ವಿಶಾಲವಾದ ಈ ತಾಲ್ಲೂಕಿನಲ್ಲಿ ಈಗಿರುವುದು ಐವತ್ತು ಸಾವಿರದ ಆಸುಪಾಸಿನ ಜನ.

ಪಕ್ಷಗಳು ನಡೆದ ದಾರಿ

ಉತ್ತರ ಕನ್ನಡದ ಲೋಕಸಭಾ ಇತಿಹಾಸ ಮೂರು ಘಟ್ಟಗಳದ್ದು. ಮೊದಲ ಮೂರು ಚುನಾವಣೆಗಳಲ್ಲಿ ಕಾಂಗ್ರೆಸ್‌ನ ಜೋಕಿಂ ಆಳ್ವ ಗೆದ್ದರು. 1967ರಲ್ಲಿ ರೈತರ ಪರ ಹೋರಾಡಿದ ಕವಿ ದಿನಕರ ದೇಸಾಯಿ ಪಕ್ಷೇತರರಾಗಿ ಗೆದ್ದು, ಸಂಘಟನೆಯ ಬಲ ಪಕ್ಷದ ಹೆಸರಿಗಿಂತ ದೊಡ್ಡದಾಗಬಲ್ಲದೆಂದು ತೋರಿಸಿದರು. ಮುಂದೆ ಮತ್ತೆ ಕಾಂಗ್ರೆಸ್, 1996ರಿಂದ ಬಿಜೆಪಿ. ನಡುವೆ 1999ರಲ್ಲಿ ಮಾತ್ರ ಮಾರ್ಗರೆಟ್ ಆಳ್ವ ಕಾಂಗ್ರೆಸ್‌ಗೆ ಈ ಸ್ಥಾನ ಗೆದ್ದುಕೊಟ್ಟರು.

ಹಳಿಯಾಳ ವಿಧಾನಸಭಾ ಕ್ಷೇತ್ರದ ಕಥೆ ಬೇರೆ. 1983ರಲ್ಲಿ ಜನತಾ ಪಕ್ಷದಿಂದ ಮೊದಲ ಸಲ ಗೆದ್ದ ಆರ್.ವಿ. ದೇಶಪಾಂಡೆ ಜನತಾ ದಳದ ಮೂಲಕ ಹಾದು 1999ರ ಹೊತ್ತಿಗೆ ಕಾಂಗ್ರೆಸ್‌ನಲ್ಲಿದ್ದರು, ಗೆಲುವು ಮುಂದುವರಿಯಿತು. 2008ರಲ್ಲಿ ಜೆಡಿಎಸ್‌ನ ಸುನೀಲ ಹೆಗಡೆ ಅವರನ್ನು ಸೋಲಿಸಿದರು. ಮುಂದೆ ಬಿಜೆಪಿ ಸೇರಿದ ಹೆಗಡೆ 2018ರಲ್ಲಿ 5,140, 2023ರಲ್ಲಿ 3,623 ಮತಗಳಿಂದ ಸೋತರು. 2023ರಲ್ಲಿ ಮರಾಠ ಸಮುದಾಯದ ಮುಖಂಡ ಎಸ್.ಎಲ್. ಘೋಟ್ನೇಕರ್ ಕಾಂಗ್ರೆಸ್ ಬಿಟ್ಟು ಜೆಡಿಎಸ್‌ನಿಂದ ನಿಂತು, ಗೆಲುವಿನ ಅಂತರದ ಹಲವು ಪಟ್ಟು ಮತ ಪಡೆದರು. ದೊಡ್ಡ ಸಮುದಾಯಕ್ಕೆ ತಮ್ಮವರೇ ಶಾಸಕರಾಗಬೇಕೆಂಬ ಆಸೆ ಎಷ್ಟು ಬಲವಾಗಿದೆ, ಅದೊಂದರಿಂದಲೇ ಗೆಲುವು ಹೇಗೆ ಬರುವುದಿಲ್ಲ ಎಂಬೆರಡನ್ನೂ ಆ ಫಲಿತಾಂಶ ಹೇಳಿತು.

ಇನ್ನೂ ಸ್ಪಷ್ಟವಾದ ಪಾಠ ಮುಂದಿನ ವರ್ಷದ್ದು. ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲಿ ಐದನ್ನು ಕಾಂಗ್ರೆಸ್ 2023ರ ಮೇ ತಿಂಗಳಲ್ಲಿ ಗೆದ್ದಿತ್ತು. ಶಿರಸಿಯಲ್ಲಿ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಸೋತಿದ್ದರು. ಅದೇ ಕಾಗೇರಿ 2024ರಲ್ಲಿ ಕಾಂಗ್ರೆಸ್‌ನ ಅಂಜಲಿ ನಿಂಬಾಳ್ಕರ್ ಅವರನ್ನು 3,37,428 ಮತಗಳಿಂದ ಸೋಲಿಸಿ ಸಂಸತ್ತಿಗೆ ಹೋದರು. ಒಂದು ವರ್ಷದಲ್ಲಿ ಜಾತಿಯ ಲೆಕ್ಕ ಬದಲಾಗುವುದಿಲ್ಲ. ಬೆಂಗಳೂರಿಗೆ ಯಾರು, ದೆಹಲಿಗೆ ಯಾರು ಎಂದು ಬೇರೆ ಬೇರೆಯಾಗಿ ತೂಗುವ ಮತದಾರರು ಇಲ್ಲಿದ್ದಾರೆ.

ಯಲ್ಲಾಪುರದಲ್ಲಿ 2019ರಲ್ಲಿ ಹೆಬ್ಬಾರ್ ರಾಜೀನಾಮೆ ನೀಡಿ, ಬಿಜೆಪಿಯಿಂದ ಉಪಚುನಾವಣೆಗೆ ನಿಂತು 31 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಬಿಜೆಪಿ ಅವರನ್ನು ಉಚ್ಚಾಟಿಸಿತು. ಶಾಸಕರು ಪಕ್ಷ ದಾಟುವಾಗ ಮತದಾರರನ್ನು ಕೇಳುವವರಿಲ್ಲ ಎಂಬುದು ನೋವಿನ ಸಂಗತಿ. ವ್ಯಕ್ತಿಯ ಆಸರೆಯ ಮೇಲೆ ನಿಂತ ರಾಜಕೀಯ ಕೆಲಸ ಮಾಡಿಸಿಕೊಡುತ್ತದೆ, ಆದರೆ ಪಕ್ಷವನ್ನು ತತ್ವಕ್ಕೆ ಕಟ್ಟಿಹಾಕುವ ಶಕ್ತಿಯನ್ನು ಜನರಿಂದ ಕಿತ್ತುಕೊಳ್ಳುತ್ತದೆ.

ಚಿಕ್ಕ ಸಮುದಾಯಗಳ ದೊಡ್ಡ ಹೆಜ್ಜೆ

ಗೆಲುವಿನ ಅಂತರ ಕೆಲವೇ ಸಾವಿರವಿರುವ ಕ್ಷೇತ್ರಗಳಲ್ಲಿ ಚಿಕ್ಕ ಸಮುದಾಯಗಳ ತೂಕ ಹೆಚ್ಚು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಆ ಸಮುದಾಯದಿಂದ ರಾಜ್ಯದ ಶಾಸಕಾಂಗ ಪ್ರವೇಶಿಸಿದ ಮೊದಲಿಗರಾದರು. ಗೋವಾದಲ್ಲಿ ಕುಣಬಿಗಳಿಗೆ 2003ರಲ್ಲೇ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಗಡಿಯ ಈಚೆ ಜೊಯಿಡಾದ ಕುಣಬಿಗಳು ಅದನ್ನೇ ಇನ್ನೂ ಕೇಳುತ್ತಿದ್ದಾರೆ. ಗೌಳಿಗರ ಬೇಡಿಕೆಯೂ ಇದೇ. ಪ್ರತಿ ಚುನಾವಣೆಯಲ್ಲಿ ಭರವಸೆ ಕೊಟ್ಟು ಮರೆಯುವುದು ಇವರಿಗೆ ಮಾಡುವ ಅನ್ಯಾಯ.

ಮುಂಡಗೋಡದ ಟಿಬೆಟನ್ ನೆಲೆ ಆರಂಭವಾದದ್ದು 1966ರಲ್ಲಿ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಟಿಬೆಟನ್ನರಿಗೂ ಅನ್ವಯಿಸಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತಪಟ್ಟಿಗೆ ಸೇರಿಸಲು ಸೂಚಿಸಿತು. ಕೆಲವರು ಹೆಸರು ಸೇರಿಸಿದರು. ತಾಯ್ನಾಡಿಗೆ ಮರಳುವ ಆಸೆ ಇಟ್ಟುಕೊಂಡ ಅನೇಕರು ದೂರ ಉಳಿದರು. ಮತದ ಹಕ್ಕು ಬಳಸುವುದೂ ಬಿಡುವುದೂ ಒಂದು ಜನಾಂಗದ ಆತ್ಮಪ್ರಶ್ನೆಯಾಗಬಲ್ಲದು ಎಂಬುದನ್ನು ಯಾವ ಕೋಷ್ಟಕವೂ ಹಿಡಿಯಲಾರದು.

ಈ ಎಲ್ಲ ಸಮುದಾಯಗಳನ್ನು ಅಡ್ಡಡ್ಡವಾಗಿ ಹೆಣೆಯುವ ಪ್ರಶ್ನೆ ಅರಣ್ಯ ಭೂಮಿಯದು. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಪುರಾವೆ ಕೇಳುತ್ತದೆ. ಸಾಗುವಳಿ ಮಾಡುತ್ತಲೇ ಬಂದು ಕಾಗದವಿಲ್ಲದವರು ‘ಅತಿಕ್ರಮಣದಾರರು’ ಎನಿಸಿಕೊಂಡಿದ್ದಾರೆ. ಕುಣಬಿಗೂ ಮರಾಠನಿಗೂ ಮುಸ್ಲಿಮನಿಗೂ ಇದು ಒಂದೇ ಸಂಕಟ. ಇವರನ್ನು ಈ ಸಂಕಟದ ಹೆಸರಲ್ಲಿ ಒಂದುಗೂಡಿಸಿದ ಪಕ್ಷ ಇನ್ನೂ ಹುಟ್ಟಿಲ್ಲ.

ಮುಂದಿನ ದಿನಗಳು

2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಸುಮಾರು ಶೇ 15.6ರಷ್ಟು ಬೆಳೆದರೆ ಉತ್ತರ ಕನ್ನಡದ್ದು ಶೇ 6ರ ಆಸುಪಾಸು. 2027ರ ಜನಗಣತಿಯ ನಂತರ ಕ್ಷೇತ್ರಗಳ ಪುನರ್ವಿಂಗಡಣೆ ನಡೆದರೆ, ಜನಸಂಖ್ಯೆ ನಿಧಾನವಾಗಿ ಬೆಳೆದ ಮಲೆನಾಡಿನ ಕ್ಷೇತ್ರಗಳು ಇನ್ನಷ್ಟು ವಿಸ್ತಾರವಾಗುವ ಅಪಾಯವಿದೆ. ಈಗಲೇ ತಾಲ್ಲೂಕು ಕಚೇರಿಗೆ ಬರಲು ಒಂದು ದಿನ ಕಳೆಯುವ ಜೊಯಿಡಾದ ಹಳ್ಳಿಗರಿಗೆ ಶಾಸಕರು ಇನ್ನೂ ದೂರವಾಗುತ್ತಾರೆ. ಇದರ ವಿರುದ್ಧ ಎಲ್ಲ ಪಕ್ಷಗಳೂ ಈಗಲೇ ದನಿ ಎತ್ತಬೇಕು.

ಮಹಿಳೆಯರದು ಇನ್ನೊಂದು ಬದಲಾವಣೆ. 2023ರಲ್ಲಿ ಬಂದ ಗೃಹಲಕ್ಷ್ಮಿ, ಶಕ್ತಿ ಯೋಜನೆಗಳು ಅವರನ್ನು ನೇರ ಫಲಾನುಭವಿಗಳನ್ನಾಗಿಸಿವೆ. ಅದೇ ವರ್ಷದ 106ನೇ ಸಂವಿಧಾನ ತಿದ್ದುಪಡಿ ಶಾಸನಸಭೆಗಳಲ್ಲಿ ಮೂರನೇ ಒಂದು ಭಾಗ ಸ್ಥಾನ ಅವರಿಗೆ ಮೀಸಲಿಟ್ಟಿದೆ. ಸ್ವಸಹಾಯ ಸಂಘ, ಗ್ರಾಮ ಪಂಚಾಯ್ತಿಗಳಲ್ಲಿ ಪಳಗಿದ ಮಹಿಳೆಯರು ಇಲ್ಲಿ ಕಡಿಮೆಯಿಲ್ಲ. ಅವರನ್ನು ಅಭ್ಯರ್ಥಿಗಳನ್ನಾಗಿ ಬೆಳೆಸುವ ಕೆಲಸ ಇಂದೇ ಶುರುವಾಗಬೇಕು.

ಟೆಕ್ಸಾಸ್‌ನ ಗಡಿಯಿಂದ ಕಾಳಿ ದಂಡೆಯವರೆಗೆ ಅನುಭವ ಒಂದೇ ಮಾತು ಹೇಳುತ್ತದೆ: ಯಾವ ಸಮುದಾಯವೂ ಯಾವ ಪಕ್ಷದ ಪಿತ್ರಾರ್ಜಿತ ಆಸ್ತಿಯಲ್ಲ. ಜನಗಣತಿ ಮತದಾರರು ಎಲ್ಲಿದ್ದಾರೆ ಎಂದು ತಿಳಿಸುತ್ತದೆ. ಅವರು ಯಾರ ಜೊತೆ ನಿಲ್ಲುತ್ತಾರೆ ಎಂಬುದನ್ನು ಭೂಮಿಯ ಹಕ್ಕುಪತ್ರ, ನಂಬುವಂಥ ಉದ್ಯೋಗ, ಕುಡಿಯುವ ನೀರು ಮತ್ತು ಟಿಕೆಟ್ ಹಂಚಿಕೆಯಲ್ಲಿ ಸಿಗುವ ಗೌರವ ತೀರ್ಮಾನಿಸುತ್ತವೆ. 3,623 ಮತಗಳಲ್ಲಿ ಸೋಲು ಗೆಲುವು ನಿರ್ಧಾರವಾಗುವ ಕಡೆ, ಕುಣಬಿ, ಸಿದ್ದಿ, ಗೌಳಿ ಕೇರಿಗಳಿಗೆ ಚುನಾವಣೆಯಿಲ್ಲದ ವರ್ಷವೂ ಹೋಗುವ ಪಕ್ಷಕ್ಕೇ ನಾಳೆ ಇದೆ.