ಕೀಲುನೋವಿಗೆ ಕ್ಷಯದ ಪರೀಕ್ಷೆ ಏಕೆ?

ಊರಿನಿಂದ ಗುರುಗ್ರಾಮದ ಮಗಳ ಮನೆಗೆ ಬಂದ ತಾಯಿಗೆ ರುಮಟಾಯ್ಡ್ ಸಂಧಿವಾತ ಎಂದಿಟ್ಟುಕೊಳ್ಳಿ. ವೈದ್ಯರು ಬಯಾಲಜಿಕ್ ಇಂಜೆಕ್ಷನ್ ಕೊಡುವ ಮೊದಲು ಎದೆಯ ಎಕ್ಸ್‌ರೇ, ಟಿಬಿ ಪರೀಕ್ಷೆ ಬರೆದುಕೊಡುತ್ತಾರೆ. ‘ನೋವಿರೋದು ಬೆರಳಿನ ಗೆಣ್ಣಲ್ಲಿ, ಎದೆ ಫೋಟೋ ಯಾಕೆ?’ ಎಂದು ಆಕೆ ಗೊಣಗಿದರೆ ತಪ್ಪೇನಿಲ್ಲ. ಉತ್ತರ ಆ ಮದ್ದಿನ ಚರಿತ್ರೆಯಲ್ಲಿದೆ.

ಆ ಚರಿತ್ರೆಯ ಒಂದು ತುದಿ ನಾವಿರುವಲ್ಲಿಗೆ ಹತ್ತಿರವೇ. ದೆಹಲಿಯಿಂದ ಜಿ.ಟಿ. ರಸ್ತೆ ಹಿಡಿದರೆ ಸಿಗುವ ಲೂಧಿಯಾನದಲ್ಲಿ 1937ರಲ್ಲಿ ಹುಟ್ಟಿದ ರವೀಂದರ್ ಮೈನಿ ಇಂಗ್ಲೆಂಡಿನಲ್ಲಿ ವೈದ್ಯರಾದರು. ಲಂಡನ್ನಿನ ಕೆನಡಿ ಸಂಸ್ಥೆಯಲ್ಲಿ ಅವರ ಜೊತೆಗಾರ ಮಾರ್ಕ್ ಫೆಲ್ಡ್‌ಮನ್, ಆಸ್ಟ್ರೇಲಿಯಾದಲ್ಲಿ ಬೆಳೆದವರು. ಇಬ್ಬರೂ ನಮ್ಮಂತೆ ಊರು ಬಿಟ್ಟವರೇ.

ಅಲ್ಲಿಯವರೆಗೆ ಚಿನ್ನದ ಲವಣ, ಕಾರ್ಟಿಸೋನ್, ಮೆಥೊಟ್ರೆಕ್ಸೇಟ್ ಇದ್ದವು. (ಮೆಥೊಟ್ರೆಕ್ಸೇಟ್ ಇಂದಿಗೂ ಮೊದಲ ಮದ್ದು, ಬಯಾಲಜಿಕ್ ಬರುವುದು ಅದು ಸಾಲದಾದಾಗ.) ಇವರಿಬ್ಬರು ಹಿಡಿದದ್ದು ಒಂದೇ ಒಂದು ಪ್ರೋಟೀನನ್ನು: ಕೀಲಿನ ಉರಿಯೂತಕ್ಕೆ ಎಣ್ಣೆ ಸುರಿಯುವ ಟಿಎನ್‌ಎಫ್. ಅದನ್ನು ಕಟ್ಟಿಹಾಕುವ ಪ್ರತಿಕಾಯವನ್ನು 1992ರಲ್ಲಿ ಚಾರಿಂಗ್ ಕ್ರಾಸ್ ಆಸ್ಪತ್ರೆಯ ರೋಗಿಗಳಿಗೆ ಕೊಟ್ಟರು. 1994ರಲ್ಲಿ ಪ್ರಕಟವಾದ 73 ರೋಗಿಗಳ ಪ್ರಯೋಗದಲ್ಲಿ, ನಾಲ್ಕು ವಾರಗಳ ಹೊತ್ತಿಗೆ ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಶೇ. 79 ಮಂದಿಗೆ ಗುಣ ಕಂಡಿತು. ಹುಸಿಮದ್ದು ಪಡೆದವರಲ್ಲಿ ಶೇ. 8 ಮಂದಿಗೆ. ಆದರೆ ಮದ್ದಿನ ಪ್ರಭಾವ ಇಳಿದಂತೆ ನೋವು ಮರಳುತ್ತಿತ್ತು. ರೋಗ ತಣಿಯುತ್ತಿತ್ತು, ಹೋಗುತ್ತಿರಲಿಲ್ಲ.

ಅದೇ ಇನ್‌ಫ್ಲಿಕ್ಸಿಮ್ಯಾಬ್. 1999ರಲ್ಲಿ ಅಮೆರಿಕ ಅದನ್ನು ಸಂಧಿವಾತಕ್ಕೆ ಒಪ್ಪಿತು. ಎರಡೇ ವರ್ಷಕ್ಕೆ ಇನ್ನೊಂದು ಮುಖ ಕಂಡಿತು: 2001ರ ವರದಿಯೊಂದರಲ್ಲಿ ಈ ಮದ್ದು ಪಡೆದ 70 ಮಂದಿಗೆ ಕ್ಷಯ. 48 ಮಂದಿಗೆ ಮೂರು ಡೋಸ್ ಮುಗಿಯುವುದರೊಳಗೇ. ಕಾರಣವೂ ಟಿಎನ್‌ಎಫ್‌ನಲ್ಲೇ ಇತ್ತು. ಹಳೆಯ ಕ್ಷಯದ ಬ್ಯಾಕ್ಟೀರಿಯಾವನ್ನು ದೇಹ ಜೀವಕೋಶಗಳ ಗೋಡೆ ಕಟ್ಟಿ ಕೂಡಿಹಾಕಿರುತ್ತದೆ. ಆ ಗೋಡೆ ನಿಲ್ಲಲು ಟಿಎನ್‌ಎಫ್ ಬೇಕು. ಅದನ್ನು ತಡೆದರೆ ಕೀಲು ತಣ್ಣಗಾಗುತ್ತದೆ, ಗೋಡೆ ಸಡಿಲವಾಗುತ್ತದೆ.

ನನಗೆ ಮುಖ್ಯವೆನಿಸುವ ಅಂಕಿ ಬೇರೆ. ಆ 70ರಲ್ಲಿ 64 ಮಂದಿ ಕ್ಷಯ ಅಪರೂಪವಾದ ದೇಶಗಳವರು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ನಮ್ಮ ದೇಶದಲ್ಲಿ ‘ನಮ್ಮ ಮನೇಲಿ ಯಾರಿಗೂ ಟಿಬಿ ಇಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ. ಮಲಗಿದ ಸೋಂಕು ಕೆಮ್ಮುವುದಿಲ್ಲ. ಅದಕ್ಕೇ ಪರೀಕ್ಷೆ. ಮಲಗಿದ ಸೋಂಕು ಸಿಕ್ಕರೆ ಮೊದಲು ಐಸೊನಿಯಾಜಿಡ್‌ನಂಥ ಮಾತ್ರೆ, ಆಮೇಲೆ ಬಯಾಲಜಿಕ್.

2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಝೈಡಸ್ ಅಡಲಿಮುಮ್ಯಾಬ್‌ನ ಮೊದಲ ಬಯೋಸಿಮಿಲರ್ ಅನ್ನು ಅಮೆರಿಕದ ಬೆಲೆಯ ಸುಮಾರು ಐದನೇ ಒಂದು ಪಾಲಿಗೆ ತಂದಿತು. ಆದರೂ ತಿಂಗಳ ಸಂಬಳ ಎಣಿಸುವ ಮನೆಗೆ ಅದು ಭಾರವೇ, ಮೇಲೆ ಪರೀಕ್ಷೆಯ ಖರ್ಚು ಬೇರೆ. ಉಳಿಸಬೇಕಾದಾಗ ಹಲವರ ಕೈ ಮೊದಲು ಹೋಗುವುದು ಪರೀಕ್ಷೆಯ ಚೀಟಿಗೆ. ಆ ಚೀಟಿಯನ್ನು ಮಾತ್ರ ಬಿಡಬೇಡಿ. ಇಂಜೆಕ್ಷನ್ ಶುರುವಾದ ಮೇಲೆ ಸಂಜೆ ಜ್ವರ, ತೂಕ ಇಳಿಯುವುದು, ಕುತ್ತಿಗೆಯಲ್ಲಿ ಗಂಟು ಕಂಡರೆ ಮುಂದಿನ ಡೋಸಿನ ದಿನದವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.