ಸಿಲಿಂಡರಿನ ಲೆಕ್ಕ

ಮುಂಬಯಿಯ ಅಡುಗೆಮನೆಗೆ ಗ್ಯಾಸ್ ತಂದದ್ದು ಬರ್ಮಾ ಶೆಲ್, 1950ರ ದಶಕದ ಮಧ್ಯದಲ್ಲಿ. 1976ರಲ್ಲಿ ಅದು ಸರ್ಕಾರದ್ದಾಗಿ, ಮುಂದೆ ಭಾರತ್ ಪೆಟ್ರೋಲಿಯಂ ಎನಿಸಿತು.

ನಾನು ವರ್ಗವಾಗಿ ಮಾಟುಂಗಕ್ಕೆ ಬಂದದ್ದು 1993ರಲ್ಲಿ. ನಲವತ್ತು ದಿನ ಬರುತ್ತಿದ್ದ ಸಿಲಿಂಡರ್ ಒಮ್ಮೆ ಮೂವತ್ತನಾಲ್ಕಕ್ಕೇ ಮುಗಿಯಿತು. "ರೀ, ಬ್ಯಾಂಕಿನ ಲೆಕ್ಕ ಇರ್ಲಿ, ಮೊದ್ಲು ಇದನ್ನ ನೋಡಿ" ಅಂದಳು ನನ್ನಾಕೆ.

ಖಾಲಿ ಸಿಲಿಂಡರಿನ ತೂಕ ಅದರ ಮೈಮೇಲೇ ಬರೆದಿರುತ್ತದೆ. ಅದಕ್ಕೆ ಗ್ಯಾಸಿನ 14.2 ಕಿಲೋ ಕೂಡಿಸಿದರೆ ತುಂಬಿದ್ದರ ತೂಕ. 15.8 ಎಂದಿದ್ದರೆ ಒಟ್ಟು 30 ಬರಬೇಕು. ಹೊಸದನ್ನು ಕೆಳಗಿನ ರದ್ದಿ ಅಂಗಡಿಯ ತಕ್ಕಡಿಗೇರಿಸಿದೆ: 28! ತಂದವನು ತುಟಿಪಿಟಕ್ಕೆನ್ನದೆ ಬೇರೆ ಕೊಟ್ಟ. ಅಲ್ಲಿಯವರೆಗೆ ಮುಖ ತಿರುಗಿಸುತ್ತಿದ್ದ ಮರಾಠಿ, ಗುಜರಾತಿ ನೆರೆಯವರೂ ಅಂದಿನಿಂದ ಸಿಲಿಂಡರ್ ಬಂದರೆ ನನ್ನನ್ನೇ ಕರೆಯತೊಡಗಿದರು. ಪರವೂರಿನಲ್ಲಿ ನಾನು ಬೇರೂರಿದ್ದು ಹೀಗೆ, ಎರಡು ಕಿಲೋ ಕೊರತೆಯಿಂದ.

ತೂಗಿ ಕೊಡಿ ಅನ್ನೋಕೆ ಸಂಕೋಚ ಬೇಡ. ಅದು ನಮ್ಮ ಹಕ್ಕು.